ಸೋತ ದಿನ ಬರುವವರು

ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ದರ್ಜಿಯಮ್ಮನಿಗೆ ಪಕ್ಕದಲ್ಲಿದ್ದವರ ಗುರುತು ಹತ್ತಿತು. ಪಂಪು ಕಾರ್ಖಾನೆಯ ಯಜಮಾನರು, ಫುಟ್‌ಬಾಲ್ ತಂಡ ಕೊಂಡವರು. ಚುನಾವಣೆಗೆ ನಿಂತಾಗ ಗೋಡೆಗೋಡೆಯ ಮೇಲೂ ಇದೇ ಮುಖ. ಅಷ್ಟರಲ್ಲಿ ಆ ತಂಡದ ಹಳೇ ಗೋಲ್‌ಕೀಪರ್ ಏದುಸಿರು ಬಿಡುತ್ತ ಬಂದು ಕೂತ.

"ನಿಂಗ್ಯಾರೋ ಹೇಳಿದ್ದು?"

"ನಿಮ್ಮ ಮಗಳು ಫೋನ್ ಮಾಡಿದ್ರು, ಯಜಮಾನ್ರೇ."

"ಅವಳು ನಿನ್ನೇನೇ ಡಾಕ್ಟರನ್ನ ನೋಡಿ ಬಂದಿದಾಳೆ. ನನ್ನ ರಿಪೋರ್ಟಲ್ಲಿ ಏನಿದೆ ಅಂತ ನಂಗೇನೂ ಹೇಳ್ಲಿಲ್ಲ."

ಗೋಲ್‌ಕೀಪರ್ ಮಾತು ಬದಲಿಸಿದ. "ಕಪ್ ಗೆದ್ದ ದಿನ ನೀವು ನಮ್ಮ ಡ್ರೆಸ್ಸಿಂಗ್ ರೂಮಿಗೆ ಬರಲೇ ಇಲ್ಲ."

"ಅವತ್ತು ಊರೇ ನಿಮ್ಮ ಜೊತೆ ಇತ್ತಲ್ಲೋ. ಕಾರ್ಖಾನೇಲೂ ಅಷ್ಟೇ, ಮಷೀನು ಕೆಟ್ಟ ದಿನಾನೇ ನಾನು ಆಫೀಸಿಂದ ಕೆಳಗಿಳೀತಿದ್ದೆ."

"ಆರು ಗೋಲು ಬಿಟ್ಟ ದಿನ ನನ್ನ ಬೂಟಿನ ಲೇಸು ನೀವೇ ಬಿಚ್ಚಿದ್ರಿ."

"ನಿನ್ನ ಕೈ ನಡುಗ್ತಿತ್ತು."

"ನೀವು ಚುನಾವಣೆ ಸೋತಾಗ..."

"ನೀನೊಬ್ನೇ ಬಂದಿದ್ದೆ. ಜೈಕಾರ ಹಾಕಿದೋರು ಒಬ್ರೂ ಪತ್ತೆ ಇರ್ಲಿಲ್ಲ."

ಡಾಕ್ಟರ್ ಕರೀತಿದಾರೆ ಅಂದಳು ನರ್ಸ್. ಯಜಮಾನರು ಬಗ್ಗಿ ಸಡಿಲವಾಗಿದ್ದ ಲೇಸು ಕಟ್ಟಲು ನೋಡಿದರು. ಬೆರಳು ಮಾತು ಕೇಳಲಿಲ್ಲ. ಗೋಲ್‌ಕೀಪರ್ ಮಂಡಿಯೂರಿ ಕಟ್ಟಿದ.

"ನೀನು ಬಂದಿದೀಯ ಅಂದ್ಮೇಲೆ," ಯಜಮಾನರು ಅವನ ಭುಜ ಹಿಡಿದು ಎದ್ದರು, "ಡಾಕ್ಟರು ಏನು ಹೇಳ್ತಾರೆ ಅಂತ ಗೊತ್ತಾಯ್ತು ಬಿಡು."

ಗೋಲ್‌ಕೀಪರ್ ಎದ್ದು ಅವರ ತೋಳು ಹಿಡಿದ. ಇಬ್ಬರೂ ಒಳಗೆ ಹೋದರು.