ತಂಗಿಗೆ ಪಾಲು ಕೊಟ್ಟ ಗುಳಿಗೆಗಳು

ಅಧ್ಯಕ್ಷ ಸ್ಥಾನದಲ್ಲಿ ಕುಳಿತು ಈಗಾಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಗುದ್ಲೆಪ್ಪನವರೇ, ಇಂದು ನಮ್ಮ ಶಿಗ್ಗಾಂವ ಬಿಟ್ಟು ಹೊರಟಿರುವ ಡಾಕ್ಟರ್ ಶೈಲಶ್ರೀಯವರೇ, ಊಟದ ವಾಸನೆ ಬಂದರೂ ಕುರ್ಚಿ ಬಿಡದ ಸಭಿಕರೇ,

ಈ ಸರೋಜವ್ವನಿಗೆ, ಅಂದರೆ ನನಗೆ, ಐದೇ ನಿಮಿಷ ಎಂದಿದ್ದಾರೆ. ಕಾಳಿನ ವ್ಯಾಪಾರಿ ಕುಬೇರಪ್ಪನವರ ಜೊತೆ ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಹೊತ್ತು ಯಾರೂ ಮಾತಾಡಲು ಬಿಟ್ಟೇ ಇಲ್ಲ. ಸಾಕು ಬಿಡಿ.

ನಾಲ್ಕು ವರ್ಷದ ಹಿಂದೆ ನನಗೆ ಸ್ತನದ ಕ್ಯಾನ್ಸರ್ ಆಯಿತು. ಆಪರೇಷನ್ ಮಾಡಿದರು, ಆಮೇಲೆ ದಿನಕ್ಕೊಂದು ಗುಳಿಗೆ ಕೊಟ್ಟರು. ಕಳೆದ ವರ್ಷ ಮಾಸೂರಿನ ನನ್ನ ತಂಗಿ ಭರಮವ್ವನಿಗೂ ಅದೇ ಬಂತು. ಇದೇ ಶೈಲಶ್ರೀಯವರು ರಿಪೋರ್ಟ್ ನೋಡಿ, ಅವಳಿಗೆ ಮಾತ್ರ ಕಿಮೋ ಆಗಲೇಬೇಕು ಎಂದರು. ಅಳುತ್ತಾ ನನ್ನ ಮನೆಗೆ ಬಂದಳು.

ನಮ್ಮವ್ವ ಒಂದೇ ಖಣದಲ್ಲಿ ಇಬ್ಬರಿಗೂ ಕುಪ್ಪಸ ಹೊಲಿಸಿದವಳು. ಜ್ವರ ಬಂದರೆ ಒಂದೇ ಔಷಧಿ ಇಬ್ಬರಿಗೂ. ನಾನೂ ಅದೇ ರೂಢಿ ಹಿಡಿದೆ. "ಒಂದ ಹೊಟ್ಟ್ಯಾಗ ಹುಟ್ಟೇವಿ, ಒಂದ ಬ್ಯಾನಿ, ಒಂದ ಗುಳಿಗಿ. ಸುಮ್ನ ಕೂದಲಾ ಯಾಕ ಕಳಕೊಂತಿ?" ಎಂದೆ. ಅವಳು ಕಿಮೋಗೆ ಹೋಗಲಿಲ್ಲ; ಎರಡು ತಿಂಗಳು ನನ್ನ ಗುಳಿಗೆಯಲ್ಲೇ ಪಾಲು ಕೊಟ್ಟೆ. ನಾನು ದಿನ ಬಿಟ್ಟು ದಿನ ನುಂಗಿದೆ. ಎಂಥ ತ್ಯಾಗ! ಆಗಲೇ ಯಾರಾದರೂ ನನಗೊಂದು ಶಾಲು ಹೊದಿಸಬೇಕಿತ್ತು.

ಸುಮ್ಮನಿರಲಾರದೆ ಡಾಕ್ಟರ ಮುಂದೆ ಜಂಬ ಕೊಚ್ಚಿಕೊಂಡೆ. ಅವರು ಪೆನ್ನು ಕೆಳಗಿಟ್ಟರು.

"ನಿಮ್ಮ ಗಂಟಿನ ಜೀವಕೋಶಕ್ಕ ರಿಸೆಪ್ಟರ್ ಅಂತ ಬಾಗಿಲದಾವ್ರಿ. ಹಾರ್ಮೋನು ಅಲ್ಲಿಗೆ ಬಂದು ಗಂಟು ಬೆಳಸ್ತೈತಿ. ಗುಳಿಗಿ ಆ ಬಾಗಿಲಿಗೆ ಅಡ್ಡ ಕುಂದರತೈತಿ. ನಿಮ್ಮ ತಂಗೀ ಗಂಟಿಗೆ ಆ ಬಾಗಿಲಾನ ಇಲ್ಲ. ಗುಳಿಗಿ ಹೋಗಿ ಎಲ್ಲಿ ಕುಂದರಬೇಕ್ರಿ?"

"ಬಾಗಿಲಾ ಇಲ್ಲಂದ್ರ ಚಲೋನ ಆತಲ್ರಿ?" ಎಂದು ನಕ್ಕೆ. ಅವರು ನಗಲಿಲ್ಲ. "ಅದು ಹಾರ್ಮೋನು ಇಲ್ಲದನ ಬೆಳಿತೈತ್ರಿ. ಇವತ್ತ ಕರಕೊಂಡ ಬರ್ರಿ."

ಕರೆತಂದೆ. ಅಷ್ಟರಲ್ಲಿ ರೋಗ ಕಂಕುಳಿಗೆ ಹಬ್ಬಿತ್ತು.

"ಅಕ್ಕಾ, ಇಷ್ಟ ಲಗೂನ ಹೆಂಗ ಹಬ್ಬಿತ?" ಎಂದು ತಂಗಿ ಕೇಳಿದಳು. "ಅದರ ಗುಣಾನ ಹಂಗ" ಎಂದೆ. ಡಾಕ್ಟರು ನನ್ನನ್ನು ಬಿಟ್ಟುಕೊಡಲಿಲ್ಲ. ಆಮೇಲೆ ನನ್ನೊಬ್ಬಳನ್ನೇ ಕರೆದು "ನೀವ ಹೇಳ್ರಿ" ಎಂದರು. ಒಂದು ವರ್ಷವಾಯಿತು. ಹೇಳಿದೆನೇ? ಇಲ್ಲ. ಕಿಮೋ ಮುಗಿಯಲಿ ಎಂದೆ, ಆಪರೇಷನ್ ಮುಗಿಯಲಿ ಎಂದೆ. ಬರುವ ಸೋಮವಾರ ಅವಳ ಸ್ಕ್ಯಾನ್ ಇದೆ. ನನಗೆ ಹೆದರಿಕೆಯಾಗಿದೆ.

ಡಾಕ್ಟರನ್ನು ಹೊಗಳಲು ಮೈಕು ಕೊಟ್ಟರೆ ಇದೇನು ಹೇಳುತ್ತಿದ್ದೇನೆ ನಾನು? ಹೇಳಿಯೇಬಿಡುತ್ತೇನೆ. ಭರಮವ್ವಾ, ಮೂರನೇ ಸಾಲಿನಲ್ಲಿ ಕುಳಿತಿದ್ದೀಯಲ್ಲ, ಆ ಎರಡು ತಿಂಗಳು ಹಾಳು ಮಾಡಿದವಳು ನಾನು. ತಪ್ಪಾಯ್ತವ್ವಾ.

ಸಭಿಕರೇ, ನನ್ನ ತಂಗಿ ಎದ್ದು ವೇದಿಕೆಯ ಕಡೆಗೇ ಬರುತ್ತಿದ್ದಾಳೆ. ಬೈಯಲಿಕ್ಕೋ ಅಪ್ಪಿಕೊಳ್ಳಲಿಕ್ಕೋ ತಿಳಿಯದು. ಎರಡಕ್ಕೂ ನನ್ನ ಕೈ ಖಾಲಿ ಇರಬೇಕು. ಡಾಕ್ಟರಿಗೆ ಧನ್ಯವಾದ, ಇಷ್ಟು ಹೊತ್ತು ಸಹಿಸಿದ ನಿಮಗೂ ಧನ್ಯವಾದ. ಗುದ್ಲೆಪ್ಪನವರೇ, ಮೈಕು ಹಿಡಿಯಿರಿ. ನಮಸ್ಕಾರ.