ಭಾವನ ಕಿವಿ

...ಅದಕ್ಕೇ ಹೇಳಿದ್ದು ಭಾವ, ಸಬ್‌ವೂಫರ್ ಡಬ್ಬಿ ಕೂರಿಸೋದರಲ್ಲಿ ಈ ಊರಲ್ಲಿ ನನ್ನನ್ನು ಮೀರಿಸೋರಿಲ್ಲ! ಇನ್ನೂರು ಮನೆಗೆ ಕೂರಿಸಿದೀನಿ, ಇನ್ನೂರು! ...ಸರಿ, ಸುಳ್ಳು. ನಿಮ್ಮ ಮನೆಯದೇ ಮೊದಲನೆಯದು. ಹಾಗೆ ನೋಡಬೇಡಿ, ಚಹಾ ಆರ್ತಾ ಇದೆ.

ನಗುವೂ ಬರಲಿಲ್ವಾ? ಗಡಿಯಾರ ಒಂದು ಗಂಟೆ ಮುಂದಿಟ್ಟು, ಬೀಗ ಹಾಕಿದ ಸ್ಟುಡಿಯೋ ಮುಂದೆ ನಿಮ್ಮನ್ನು ನಿಲ್ಲಿಸಿದಾಗಲೂ ನಕ್ಕಿದ್ರಿ...

ನೋಡಿ, ಸದ್ದು ಅಳೆಯೋ ಆ ಯಂತ್ರವನ್ನು ಅಷ್ಟು ನಂಬಬಾರದು. ಸೋಫಾದಲ್ಲಿ ನಿಮ್ಮ ಕಿವಿ ಇರೋ ಎತ್ತರಕ್ಕೆ ಪುಟ್ಟ ಮೈಕ್ ಇಡ್ತೀವಿ. ಡಬ್ಬಿ 'ವೂ...' ಅಂತ ಊಳಿಡುತ್ತೆ, ಮೈಕ್ ಕೇಳಿಸಿಕೊಳ್ಳುತ್ತೆ, ಬೇಸಿನ ಗುಡುಗು ಜಾಸ್ತಿ ಅನ್ನಿಸಿದರೆ ಯಂತ್ರ ತಾನೇ ತಗ್ಗಿಸುತ್ತೆ. ಅಷ್ಟೇ! ಸೋಫಾದ ಸ್ಪಂಜು, ಅಕ್ಕನ ಕಾರ್ಪೆಟ್ಟು, ಯಾವುದು ಬೇಕಾದರೂ ಎಡವಟ್ಟು ಮಾಡಬಹುದು. ನನಗಂತೂ ಕಿಟಕಿ ಪರದೆ ಮೇಲೇ ಅನುಮಾನ.

ಪರದೆಗೂ ಬೇಸಿಗೂ ಏನೋ ಸಂಬಂಧ ಅಂತೀರಾ? ...ಇಲ್ಲ, ನೀವು ಅನ್ನಲಿಲ್ಲ. ನಿಮ್ಮ ಹುಬ್ಬು ಅಂತು.

ಮೂವತ್ತು ವರ್ಷ ಸ್ಟುಡಿಯೋದಲ್ಲಿ ಕೂತು ಕಂಡವರ ಹಾಡನ್ನೆಲ್ಲ ಹದ ಮಾಡಿದ ಕಿವಿ ಭಾವ ಅದು! 'ಯಂತ್ರ ಸರಿ ಅಂತಿದೆ, ನನಗೆ ಬೇಸೇ ಕೇಳಿಸ್ತಿಲ್ಲ, ಕಿವಿ ಹೋಯ್ತು' ಅಂತ ಒಂದೇ ದಿನಕ್ಕೆ ತೀರ್ಮಾನಿಸೋದಾ? ಕಿವಿ ಮಂದವಾಗ್ತಿದೆ ಅಂತ ನಿಮಗೆ ಮೊದಲೇ ಭಯ ಇತ್ತು ಅನ್ನೋದು ನನಗೆ ಗೊತ್ತಿರಲಿಲ್ಲ... ಸರಿ, ಗೊತ್ತಿತ್ತು. ಅಕ್ಕ ಹೇಳಿದ್ದಳು. ರಾಜೀನಾಮೆ ಬರೆದು ಜೇಬಲ್ಲಿಟ್ಟುಕೊಂಡು ಹೊರಟಿದ್ದೀರಿ ಅಂತಲೂ ಅವಳೇ ಹೇಳಿದ್ದು. ಅದಕ್ಕೇ ಸ್ಟುಡಿಯೋ ಗೇಟಲ್ಲೇ ಹಿಡಿದು ಈ ಚಹಾ ಅಂಗಡೀಲಿ ಕೂರಿಸಿದೆ. ಹರಿದು ಹಾಕಿ ಅದನ್ನ. ಕಾರಣ ಕೇಳಬೇಡಿ.

...ಕೇಳೋದೇ ಇಲ್ವಾ? ಒಂದು ಸಲ 'ಯಾಕೋ' ಅನ್ನಿ ಭಾವ.

ನೀವು ಹೀಗೆ ಸುಮ್ಮನೆ ಕೂತರೆ ನನ್ನ ಕೈಲಿ ಆಗಲ್ಲ... ಆಯ್ತು! ಪರದೆಯಲ್ಲ, ನಾನು. ನಿನ್ನೆ ಸದ್ದಾಗಬಾರದು ಅಂತ ನಿಮ್ಮನ್ನೂ ಅಕ್ಕನನ್ನೂ ಆಚೆ ಕಳಿಸಿದೆನಲ್ಲ, ಆಗ ಮೈಕನ್ನ ಸೋಫಾದಿಂದ ಎತ್ತಿ ಬೀರು ಹಿಂದಿನ ಮೂಲೆಗಿಟ್ಟೆ. ಮೂಲೆಯಲ್ಲಿ ಬೇಸ್ ಗುಡುಗುತ್ತೆ. ಪಾಪ ಯಂತ್ರ, ಸೋಫಾದಲ್ಲೂ ಹಾಗೇ ಅಂದುಕೊಂಡು ಎಲ್ಲಾ ತಗ್ಗಿಸಿಬಿಡ್ತು. ಊಟದ ಹೊತ್ತಿಗೆ ಹೇಳಿ ನಗಿಸೋಣ ಅಂತಿದ್ದೆ. ನೀವು ಊಟಕ್ಕೇ ಬರಲಿಲ್ಲ. ಬಾಗಿಲು ಹಾಕಿಕೊಂಡು ಒಂದೇ ಹಾಡು, ಮತ್ತೆ ಅದೇ, ಮತ್ತೆ ಅದೇ... ನಾನು ಬಾಗಿಲ ತನಕ ಬಂದಿದ್ದೆ ಭಾವ. ತಟ್ಟದೇ ವಾಪಸ್ ಹೋದೆ.

ನಿಮ್ಮ ಕಿವಿಗೆ ಏನೂ ಆಗಿಲ್ಲ! ತಪ್ಪು ಹೇಳಿದ್ದು ಯಂತ್ರ. ಬೈಯಿರಿ, ಬೇಕಾದರೆ ಎರಡು ಬಿಡಿ. ಆ ಲಕೋಟೆ ಮಾತ್ರ ಇಲ್ಲಿ ಕೊಡಿ.

...ಜೇಬು ಯಾಕೆ ಖಾಲಿ?

ಗೇಟ್ ಕಡೆ ಯಾಕೆ ನೋಡ್ತೀರಿ... ಅಯ್ಯೋ. ನಾನು ಹಿಡಿದಾಗ ನೀವು ಒಳಗೆ ಹೋಗ್ತಿರಲಿಲ್ಲ. ಹೊರಗೆ ಬರ್ತಿದ್ರಿ.

ಮಾಲೀಕರ ಮೇಜಿನ ಮೇಲೆ ಇಟ್ಟು ಬಂದ್ರಾ? ತಲೆ ಆಡಿಸಿ ಸಾಕು... ಮಾಲೀಕರ ಕಾರು ಈಗಷ್ಟೇ ಬಂದು ನಿಂತಿತು, ಇನ್ನೂ ಓದಿರಲ್ಲ. ಓಡ್ತೀನಿ. ನಾನೇ ಮಾಡಿದ್ದು ಅಂತ ಹೇಳ್ತೀನಿ, ಒಂದಕ್ಷರ ಸೇರಿಸಲ್ಲ. ನೀವು ಕೂತಿರಿ.

ಹಾಂ, ಭಾವ... ಪರ್ಸ್ ತಂದಿಲ್ಲ. ಇದೂ ನಿಜಾನೇ. ನನ್ನ ಚಹಾದ್ದು ನೀವೇ ಕೊಟ್ಟುಬಿಡಿ.