ಐವತ್ತು ನಿಮಿಷದಲ್ಲಿ ವಿಮಾನ ಬದಲಿಸುವುದು

ಟಿಕೆಟ್ ಮಾಡಿಸುವ ಆಫೀಸಿನ ಬೆಂಚಿನ ಮೇಲೆ, ನಿದ್ದೆಹೋದ ಮಗಳನ್ನು ಹೆಗಲಿಗೆ ಹಾಕಿಕೊಂಡು ಟೈಲರ್ ಹೆಂಗಸು ತನ್ನ ಸರದಿಗೆ ಕಾದಿದ್ದಳು. ಪಕ್ಕದಲ್ಲಿ ರಿಟೈರಾದ ಪೋಸ್ಟ್‌ಮ್ಯಾನ್ ಒಬ್ಬರು ಮತ್ತು ಅವರ ಹೆಂಡತಿ, ಯುರೋಪಿಗೆ ಹೋಗುವಾಗ ಆಫೀಸಿನವರು ಹೇಳಿದ ಎರಡು ಊರುಗಳಲ್ಲಿ ಯಾವುದರಲ್ಲಿ ವಿಮಾನ ಬದಲಿಸುವುದೆಂದು ಹಗ್ಗಜಗ್ಗಾಟ ನಡೆಸಿದ್ದರು. ಕೇಳಿಸಿಕೊಳ್ಳಬಾರದು ಅಂದುಕೊಂಡರೂ ಅವಳ ಕಿವಿ ಅತ್ತಲೇ ಇತ್ತು.

“ಮೊದಲನೇ ಊರಲ್ಲಿ ಆರು ಗಂಟೆ ಸಿಗುತ್ತೆ ಕಣೇ. ನಿಧಾನಕ್ಕೆ ನಡ್ಕೊಂಡು ಹೋಗಬಹುದು.”

“ಹಾಗೆ ಹೋದ್ರೆ ಮುಟ್ಟೋದು ಮಧ್ಯಾಹ್ನ. ನಿಮ್ಮ ತಂಗಿಯ ರಿಜಿಸ್ಟರ್ ಮದುವೆ ಬೆಳಿಗ್ಗೆ ಹನ್ನೊಂದಕ್ಕೆ. ಸಾಕ್ಷಿ ಸಹಿ ಹಾಕಬೇಕಾದವರೇ ನೀವು.”

“ಐವತ್ತೈದಕ್ಕೆ ಮದುವೆ ಆಗೋಳು ಇನ್ನೊಂದು ದಿನ ಕಾಯಲ್ವಾ?”

“ಕಾದಿದ್ದು ಸಾಕು ಅಂತಾನೇ ಆಗ್ತಿರೋದು! ಎರಡನೇ ಊರಲ್ಲಿ ಬದಲಿಸೋಣ. ನಿಮ್ಮ ಮೊಣಕಾಲಿಗೆ ವೀಲ್‌ಚೇರ್ ಹೇಳಿಬಿಟ್ರೆ ಅಲ್ಲಿ ಸಿಗೋ ಐವತ್ತು ನಿಮಿಷ ಧಾರಾಳ ಆಯ್ತು.”

“ಮೂವತ್ತು ವರ್ಷ ಬೀದಿ ಬೀದಿ ನಡೆದವನು ನಾನು. ಈಗ ಕುರ್ಚೀಲಿ ಕೂತು ತಳ್ಳಿಸ್ಕೊಳ್ಳಲಾ?”

“ಮೂವತ್ತು ವರ್ಷ ಊರಿನ ಕಾಗದಗಳೆಲ್ಲ ನಿಮ್ಮ ಹೆಗಲ ಮೇಲೇ ಕೂತು ಹೋದ್ವಲ್ಲ, ಅವುಗಳ ಮಾನ ಹೋಯ್ತಾ?”

ಟೈಲರ್ ಹೆಂಗಸು ನಗು ತಡೆಯಲಾರದೆ ಮಗಳ ಬೆನ್ನಿಗೆ ಮುಖ ಮರೆಸಿಕೊಂಡಳು.

“ಅಂಕಲ್, ಯಾವುದು ಮಾಡ್ಲಿ?” ಎಂದು ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಕೂಗಿದಳು.

ಅವರು ಮೊಣಕಾಲು ಹಿಡಿದುಕೊಂಡು ಎದ್ದರು.

“ಐವತ್ತು ನಿಮಿಷದ್ದೇ ಮಾಡಮ್ಮಾ. ವೀಲ್‌ಚೇರ್ ಮಾತ್ರ ಎರಡು ಬರ್ಕೋ. ನಾನೊಬ್ಬನೇ ಕೂತ್ರೆ ಇವಳು ದಾರಿಯುದ್ದಕ್ಕೂ ನಗ್ತಾ ಬರ್ತಾಳೆ.”